ಕೂಡದ ಸುತ್ತು

ನಾನು ಭೂಮಾಪನ ಕಾಲೇಜಿನ ಎಂ.ಎಸ್ಸಿ.ಗೆ ಅರ್ಜಿ ಕೊಡಲು ಹೊರಟ ಬೆಳಿಗ್ಗೆ ನಮ್ಮ ಬಡಿಗೇರ ಓಣಿ ನಾಲ್ಕು ಬೆರಳು ಮೇಲೆದ್ದಿತ್ತು. ಓಣಿ ಮುಗಿದು ಪೇಟೆ ಬೀದಿ ಸೇರುವ ಕಡೆ ನನ್ನ ಗಂಡ ಮಾನಪ್ಪ ಆಗಲೇ ಒಂದು ಮರದ ಮೆಟ್ಟಿಲು ತಂದಿಟ್ಟು, ಅದು ಅಲ್ಲಾಡದಂತೆ ಕೆಳಗೆ ಬೆಣೆ ಬಡಿಯುತ್ತಿದ್ದ. ಮಳೆಗಾಲದಲ್ಲಿ ನಮ್ಮೂರಿನ ಬಡಿಗರಿಗೆ ಇದೇ ಕೆಲಸ. ಒಂದು ಬೀದಿ ಏಳುತ್ತದೆ, ಪಕ್ಕದ್ದು ಇಳಿಯುತ್ತದೆ. ಮನೆ, ಮರ, ಕಟ್ಟೆಯ ಮೇಲೆ ಕೂತ ಮುದುಕರು, ಎಲ್ಲ ಸಮೇತ. ಸೇರುವ ಕಡೆ ಕಾಲಿಗೆ ಮೆಟ್ಟಿಲು, ಗಾಡಿಗೆ ಜಾರುಹಲಗೆ ಹಾಕಬೇಕು. ನಿನ್ನೆ ಉತ್ತರಕ್ಕೆ ಹರಿಯುತ್ತಿದ್ದ ಗಟಾರ ಇಂದು ದಕ್ಷಿಣಕ್ಕೆ ಹರಿಯುತ್ತದೆ. ಅದಕ್ಕೇ ನಮ್ಮಲ್ಲಿ ಗಟಾರದ ಜಗಳಗಳು ಹೆಚ್ಚು ದಿನ ಬಾಳುವುದಿಲ್ಲ. ಬೆಳಿಗ್ಗೆ ಎದುರು ಸಿಕ್ಕವರು "ಚಾ ಆತೇನು" ಎನ್ನುವ ಮೊದಲು "ನಿಮ್ಮ ಓಣಿ ಎಷ್ಟೈತಿ" ಎಂದು ಕೇಳುತ್ತಾರೆ. ಸರ್ವೇ ಕಚೇರಿಯ ಗೋಡೆಯ ಮೇಲೆ ಎಂಟು ಗಂಟೆಗೆ ಎಲ್ಲ ಬೀದಿಗಳ ಎತ್ತರ ಬರೆದು ಹಾಕುತ್ತಾರೆ. ಅದನ್ನು ನೋಡಿಕೊಂಡೇ ನೀರಿನವನು ಯಾವ ನಲ್ಲಿ ಬಿಡಬೇಕೆಂದು ತೀರ್ಮಾನಿಸುತ್ತಾನೆ.

ಆ ಎತ್ತರಗಳನ್ನು ಬರೆದು ಸಹಿ ಹಾಕುವವರು ಬೇರೆ. ನಾನು ಹತ್ತೊಂಬತ್ತು ವರ್ಷ ಕೋಲು ಹಿಡಿದವಳು. ಸರ್ವೇಯರ್ ವಾಮನರಾಯರು ಮೂರು ಕಾಲಿನ ಮೇಲೆ ಲೆವೆಲ್ ಯಂತ್ರ ನಿಲ್ಲಿಸಿ ಅದರ ದುರ್ಬೀನಿಗೆ ಕಣ್ಣಿಟ್ಟರೆ, ಐವತ್ತು ಹೆಜ್ಜೆ ಆಚೆ ನಾನು ಅಳತೆಯ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲಬೇಕು. ಅವರು ಕೋಲಿನ ಮೇಲಿನ ಅಂಕೆ ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೋಲು ಕೂದಲೆಳೆಯಷ್ಟು ವಾಲಿದರೂ ಅಂಕೆ ತಪ್ಪು. ಬಿಸಿಲಿನಲ್ಲಿ, ಸೋನೆಯಲ್ಲಿ, ಮೈಯೊಳಗೆ ಜ್ವರವಿದ್ದಾಗಲೂ ನನ್ನ ಕೋಲು ವಾಲಿದ್ದಿಲ್ಲ. ಈ ಮಾತನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಒಮ್ಮೆ ಅವರು ಓದಿದ ಅಂಕೆ ಹಿಂದಿನ ದಿನದ್ದಕ್ಕೆ ಹೊಂದುವುದಿಲ್ಲವೆಂದು ನನಗೆ ಅನ್ನಿಸಿ ಹೇಳಿದೆ. ವಾಮನರಾಯರು ದುರ್ಬೀನಿನಿಂದ ಮುಖ ಎತ್ತದೆ, "ಕೋಲು ಹಿಡಿಯೋರು ಮಾತಾಡಿದ್ರ ಕೋಲು ಅಲ್ಲಾಡ್ತದ, ಫಕೀರವ್ವ" ಎಂದರು. ಕೆಟ್ಟ ಮನುಷ್ಯರಲ್ಲ. ನಾನು ಅಂಚೆ ಮೂಲಕ ಬಿ.ಎಸ್ಸಿ. ಓದುವಾಗ ಪರೀಕ್ಷೆಗೆ ರಜೆ ಕೊಟ್ಟವರೂ ಅವರೇ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಎತ್ತರಕ್ಕೆ ಸಹಿ ಹಾಕುವ ಅಧಿಕಾರ ಎಂ.ಎಸ್ಸಿ. ಆದವರಿಗೆ ಮಾತ್ರ. ವಾಮನರಾಯರ ನಿವೃತ್ತಿಗೆ ಇನ್ನು ಮೂರು ವರ್ಷ ಚಿಲ್ಲರೆ ಉಳಿದಿತ್ತು. ನನಗೆ ನಲವತ್ತೊಂದು.

ಕಾಲೇಜಿನ ಗುಮಾಸ್ತ ರೇವಣಸಿದ್ದಪ್ಪ ನನ್ನ ಅರ್ಜಿಯನ್ನು ಎರಡು ಸಲ ತಿರುವಿ ನೋಡಿದ.

"ಯಾರಿಗಿದು?"

"ನನಗ."

"ನೀನು ಸರ್ವೇ ಕಚೇರಿಯ ಕೋಲಿನಾಕಿ ಅಲ್ಲೇನು?"

"ಹೌದ್ರಿ. ಬಿ.ಎಸ್ಸಿ. ಆಗೇತಿ. ಗಣಿತ."

ಅವನು ಎದ್ದು ಬಂದು ಬಾಗಿಲ ಪಕ್ಕದ ಹಲಗೆಯ ಮುಂದೆ ನಿಂತ. ಪದವಿಗೆ ಏನೇನು ಬೇಕೆಂದು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು. ನನಗೆ ಓದಲು ಬರುತ್ತದೆಂದು ಗೊತ್ತಿದ್ದರೂ ಬೆರಳಿಟ್ಟು ಓದಿ ಹೇಳಿದ. "ಹನ್ನೆರಡು ಪೇಪರ್, ಮೂವತ್ತಾರು ಕ್ರೆಡಿಟ್. ಭೂಮಿಯ ಆಕಾರ, ಗುರುತ್ವ, ನಕಾಶೆ, ದೋಷ ಹೊಂದಾಣಿಕೆ, ಈ ನಾಲ್ಕು ಬಿಡಂಗಿಲ್ಲ. ಸರಾಸರಿ ಬಿ ಗ್ರೇಡಿಗಿಂತ ಕೆಳಗ ಬಂದ್ರ ಮನಿಗೆ. ಒಂದು ಪ್ರಬಂಧ. ಮೂರು ಮಂದಿ ಮುಂದ ಬಾಯಿಪರೀಕ್ಷೆ. ಎಲ್ಲಾ ಮೂರು ವರ್ಷದಾಗ ಮುಗೀಬೇಕು." ಆಮೇಲೆ ಅವನ ಬೆರಳು ಏಳನೆಯ ಸಾಲಿನ ಮೇಲೆ ನಿಂತಿತು. "ಇದ ನೋಡು. ಇದರಾಗ ಭಾಳ ಮಂದಿ ಸಿಕ್ಕೊಂಡು ಬಿಟ್ಟು ಹೋಗ್ಯಾರ."

ಏಳನೆಯ ನಿಯಮ ಹೀಗಿತ್ತು: ಅಭ್ಯರ್ಥಿಯು ಕಾಲೇಜಿನ ಮುಂದಿನ ಕಲ್ಲಿನಿಂದ ಹೊರಟು, ಊರಿನ ಹದಿನಾರು ಕಿಲೋಮೀಟರ್ ಸುತ್ತನ್ನು ತನ್ನ ಕೈಯಿಂದಲೇ ಅಳೆದು, ಅದೇ ಕಲ್ಲಿಗೆ ಮರಳಿ, ಹದಿನಾರು ಮಿಲಿಮೀಟರಿನೊಳಗೆ ಕೂಡಿಸತಕ್ಕದ್ದು. ಹೊರಟ ಜಾಗಕ್ಕೇ ಬಂದು ನಿಂತರೆ ಏರಿದ್ದೆಲ್ಲ, ಇಳಿದದ್ದೆಲ್ಲ ಕಳೆದು ಸೊನ್ನೆ ಬರಬೇಕಲ್ಲ. ಅಳತೆಯಲ್ಲಿ ಯಾರಿಗೂ ಸೊನ್ನೆ ಬರುವುದಿಲ್ಲ. ಎಷ್ಟು ಉಳಿಯಿತೋ ಅಷ್ಟು ತಪ್ಪು. ನಮ್ಮ ಕಡೆ ಇದಕ್ಕೆ ಸುತ್ತು ಕೂಡುವುದು ಎನ್ನುತ್ತಾರೆ. ಮಳೆಗಾಲದಲ್ಲಿ ಇದು ಆಗದ ಮಾತು. ಆದರೆ ಮಾಘದಿಂದ ಚೈತ್ರದವರೆಗೆ ನೆಲ ಮಲಗಿರುತ್ತದೆ ಎನ್ನುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆಗ ಮೆಟ್ಟಿಲುಗಳನ್ನು ಅಲ್ಲಲ್ಲೇ ಬಿಟ್ಟು ಬಡಿಗರು ಕಿಟಕಿ ಬಾಗಿಲಿನ ಕೆಲಸ ಹಿಡಿಯುತ್ತಾರೆ, ಕಚೇರಿಯ ಗೋಡೆಯ ಮೇಲೆ ಬರೆಯುವುದನ್ನೂ ನಿಲ್ಲಿಸುತ್ತಾರೆ. ಅಳೆಯುವವರು ಅಳೆಯುವುದು ಆಗಲೇ.

"ಸೇರಿಸ್ಕೊಳ್ರಿ" ಎಂದೆ. ಸೇರಿಸಿಕೊಂಡ.

ನನ್ನ ಮಾರ್ಗದರ್ಶಿಯಾದವರು ಜೈಬುನ್ನಿಸಾ ಮೇಡಂ. ದೋಷ ಹೊಂದಾಣಿಕೆಯ ಪಾಠ ಅವರದೇ. ಮೊದಲ ದಿನ ತರಗತಿಯ ಒಂಬತ್ತು ಮಂದಿಯ ಕೈಗೂ ಒಂದು ಟೇಪು ಕೊಟ್ಟು ಮೇಜು ಅಳೆಯಲು ಹೇಳಿದರು. ಒಂಬತ್ತು ಅಂಕೆ ಬಂದವು, ಒಂದರ ಹಾಗೆ ಒಂದಿಲ್ಲ. "ಇದರಾಗ ಖರೆ ಯಾವ್ದು?" ಎಂದು ಕೇಳಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಹುಡುಗರು ಸರಾಸರಿ ಎಂದರು, ನಡುವಿನದು ಎಂದರು. ನನ್ನನ್ನು ಕೇಳಿದಾಗ, "ಮೊದ್ಲು ಒಂಬತ್ತೂ ಬರದಿಟ್ಕೋಬೇಕ್ರಿ. ಖರೆ ಯಾವ್ದು ಅನ್ನೂದು ಆಮ್ಯಾಲೆ" ಎಂದೆ. ಮೇಡಂ ಒಂದು ಗಳಿಗೆ ನನ್ನನ್ನೇ ನೋಡಿ, ಏನೋ ನೆನಪಾದವರಂತೆ ಹಲಗೆಯ ಕಡೆ ತಿರುಗಿದರು.

ಓದು ಸುಲಭವಿರಲಿಲ್ಲ. ಬೆಳಿಗ್ಗೆ ಕಚೇರಿ, ಮಧ್ಯಾಹ್ನದ ಮೇಲೆ ತರಗತಿ. ಗುರುತ್ವದ ಪೇಪರಿನಲ್ಲಿ ಮೊದಲ ಸಲ ಸಿ ಬಂತು. ಮತ್ತೆ ಬರೆದೆ, ಬಿ ಬಂತು. ಮ್ಯಾಟ್ರಿಕ್ಸ್ ಗಣಿತದ ಪೇಪರಿನಲ್ಲಿ ಎ ಬಂದದ್ದರಿಂದ ಸರಾಸರಿ ಉಳಿಯಿತು. ಮಾನಪ್ಪ ಹಲಗೆ ಹೆರೆಯುತ್ತಿದ್ದರೆ ಎದುರಿಗೆ ಕೂತು ಪಾಠವನ್ನು ಅವನಿಗೆ ಹೇಳುತ್ತಿದ್ದೆ. ಅವನು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ನನಗೇ ಸರಿಯಾಗಿ ತಿಳಿಯದ ಕಡೆ ಬಂದಾಗ ಉಳಿ ನಿಲ್ಲಿಸಿ, "ಅಲ್ಲಿ ಏನೋ ಹಾರ್‍ಸಿದಿ" ಎನ್ನುತ್ತಿದ್ದ. ಹನ್ನೆರಡು ಪೇಪರೂ ಹೀಗೆ ಮುಗಿದವು. ಏಳನೆಯ ನಿಯಮ ಉಳಿಯಿತು.

ಎರಡನೆಯ ವರ್ಷದ ಮಾಘದಲ್ಲಿ ಮೊದಲ ಸಲ ಸುತ್ತು ಅಳೆದೆ. ಯಂತ್ರ ನನ್ನದು, ಕೋಲು ಮಾನಪ್ಪನ ಕೈಯಲ್ಲಿ. ದಿನಕ್ಕೆ ಎರಡು ಕಿಲೋಮೀಟರ್, ಎಂಟು ದಿನ. ಒಂದೊಂದು ಅಂಕೆಯನ್ನೂ ಮೂರು ಸಲ ಓದಿದೆ. ಎಂಟನೆಯ ದಿನ ಕಾಲೇಜಿನ ಕಲ್ಲಿಗೆ ಮರಳಿ ಕೂಡಿ ಕಳೆದು ನೋಡಿದರೆ ಎಪ್ಪತ್ತನಾಲ್ಕು ಮಿಲಿಮೀಟರ್ ಹೆಚ್ಚಿಗೆ ಉಳಿದಿತ್ತು. ಯಂತ್ರವನ್ನು ದುರಸ್ತಿಗೆ ಕೊಟ್ಟು ತಂದೆ. ಮೂರನೆಯ ವರ್ಷದ ಮಾಘದಲ್ಲಿ ಮತ್ತೆ ಅಳೆದೆ. ಎಂಬತ್ತಮೂರು. ಅದೇ ತಿಂಗಳು, ಎಂಟು ದಿನದ ವಿಶ್ರಾಂತಿಯೂ ಇಲ್ಲದೆ, ಮತ್ತೊಮ್ಮೆ. ತೊಂಬತ್ತೊಂದು. ಕಾಳಜಿ ಹೆಚ್ಚಿದಷ್ಟೂ ತಪ್ಪು ಹೆಚ್ಚುತ್ತಿತ್ತು. ಕಾಲೇಜಿನ ಹುಡುಗರು ನನ್ನ ಮುಂದೆ ನಗಲಿಲ್ಲ, ಅಷ್ಟು ಮರ್ಯಾದೆ ಕೊಟ್ಟರು. ಆದರೆ ಕೋಲು ಹಿಡಿದ ಕೈಗೆ ಯಂತ್ರ ಒಗ್ಗುವುದಿಲ್ಲ ಎಂಬ ಮಾತು ಯಾರ ಬಾಯಿಂದಲೋ ಹೊರಟು ನನ್ನ ಕಿವಿಗೂ ಬಂತು. ಗಡುವಿಗೆ ನಾಲ್ಕೇ ತಿಂಗಳು ಉಳಿದಿತ್ತು.

ಆ ವಾರ ಕಚೇರಿಯ ಜಗಲಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದ್ದೆ. ವಾಮನರಾಯರು ಬಂದು ನನ್ನಿಂದ ಸ್ವಲ್ಪ ದೂರದಲ್ಲಿ ನಿಂತರು. ಅವರು ಹಾಗೆ ಬಂದು ನಿಂತವರಲ್ಲ.

"ಎಷ್ಟು ಉಳೀತು?"

"ತೊಂಬತ್ತೊಂದ್ರಿ."

ಅವರು ರಸ್ತೆಯ ಕಡೆ ನೋಡುತ್ತ, "ಎಂಟನೇ ದಿವಸದ ಪುಸ್ತಕ ಪೆನ್ಸಿಲ್ಲಿನಾಗ ಬರೀಬೇಕು, ಫಕೀರವ್ವ" ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ರೊಟ್ಟಿ ಕೈಯಲ್ಲೇ ಉಳಿಯಿತು. "ನೀವೂ ಹಂಗ ಬರದಿದ್ರೇನ್ರಿ?" ಎಂದೆ.

"ನಾ ಏನೂ ಹೇಳಿಲ್ಲ" ಎಂದು ಅವರು ಒಳಗೆ ಹೋದರು. ಅವರ ಕಿವಿ ಕೆಂಪಾಗಿದ್ದನ್ನು ನೋಡಿದೆ.

ಕಾಲೇಜಿನ ಸಭಾಂಗಣದಲ್ಲಿ ಒಂದು ಫಲಕವಿದೆ. ಎಂ.ಎಸ್ಸಿ. ಆದವರ ಹೆಸರು ಅದರ ಮೇಲೆ ಚಿನ್ನದ ಬಣ್ಣದಲ್ಲಿವೆ. ಇಪ್ಪತ್ತೇಳು ಹೆಸರು. ಮೂರನೆಯದು ವಾಮನರಾಯರದು, ಹತ್ತನೆಯದು ಜೈಬುನ್ನಿಸಾ ಮೇಡಂ ಅವರದು. ಇಪ್ಪತ್ತೆಂಟನೆಯ ಜಾಗವನ್ನು ನಾನು ಎಷ್ಟು ಸಲ ನೋಡಿದ್ದೆನೋ. ಆ ಮಧ್ಯಾಹ್ನ ಮನೆಗೆ ಬಂದು, ಎಲ್ಲ ದಿನದ ಹಾಗೆ ಪೆನ್ಸಿಲಿನಲ್ಲೇ ಬರೆದಿದ್ದ ಎಂಟನೆಯ ದಿನದ ಪುಸ್ತಕ ಬಿಚ್ಚಿ, ಪಕ್ಕದಲ್ಲಿ ರಬ್ಬರ್ ಇಟ್ಟುಕೊಂಡು ಕೂತೆ. ದೊಡ್ಡ ಕೆಲಸವೇನಲ್ಲ. ಎಂಬತ್ತು ಅಂಕೆಗಳಿಂದ ಒಂದೊಂದು ಮಿಲಿಮೀಟರ್ ತೆಗೆದರೆ ಸಾಕು, ಉಳಿಯುವುದು ಹನ್ನೊಂದು. ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಯಾವ ಎಂಬತ್ತು ಎನ್ನುವುದೂ ನನಗೆ ಗೊತ್ತಿತ್ತು. ಆಯ್ದು ಚುಕ್ಕೆ ಹಾಕಿಯೂ ಇದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಮಾನಪ್ಪ ಬಾಗಿಲಲ್ಲಿ ನಿಂತು ನೋಡಿದ. ನನ್ನ ಪಕ್ಕ ಕೂತು, ಚುಕ್ಕೆ ಹಾಕಿದ ಸಾಲುಗಳ ಮೇಲೆ ಕಣ್ಣಾಡಿಸಿದ.

"ಅವು ನಾ ಹಿಡದ ಕೋಲಿನ ಅಂಕಿ" ಎಂದ. "ಅಳಸೂದಾದ್ರ ನನ್ನ ಕೇಳಿ ಅಳಸು."

ಇಷ್ಟು ವರ್ಷದಲ್ಲಿ ನಾನು ಹಿಡಿದ ಕೋಲಿನ ಎಷ್ಟು ಅಂಕೆ ಯಾರು ಯಾರು ಅಳಿಸಿದ್ದರೋ, ನನ್ನನ್ನು ಯಾರೂ ಕೇಳಿರಲಿಲ್ಲ. ರಬ್ಬರನ್ನು ತೆಗೆದಿಟ್ಟೆ. ಆ ಸಂಜೆ ಮನಸ್ಸು ತಿಳಿಯಾಗಿತ್ತು. ಪದವಿ ಬರದಿದ್ದರೆ ಬಾರದು, ಅಂಕೆ ಇರಲಿ.

ಮರುದಿನ ಮೂರೂ ಸಲದ ಪುಸ್ತಕಗಳನ್ನು ಮೇಡಂ ಮೇಜಿನ ಮೇಲೆ ಇಟ್ಟೆ. "ಸುತ್ತು ಕೂಡಲಿಲ್ಲ, ಮೇಡಂ. ತೊಂಬತ್ತೊಂದು ಉಳದೈತಿ. ನಾ ತಿದ್ದೂದಿಲ್ಲ. ಹಿಂಗ ಕೊಡ್ತೀನಿ, ನಪಾಸ್ ಮಾಡಿದ್ರ ಮಾಡ್ರಿ."

ಅವರು ಎದ್ದು ಬಾಗಿಲು ಹಾಕಿದರು. ಕಪಾಟಿನ ಕೆಳಗಿನ ಖಾನೆಯಿಂದ ಹಳೆಯ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಸರಿಸಿದರು. ಎಂಟನೆಯ ದಿನದ ಹಾಳೆಗಳ ನಡುವೆ ಇನ್ನೊಂದು ಜೋಡಿ ಹಾಳೆಗಳಿದ್ದವು. ಒಂದರಲ್ಲಿ ಒಂಬತ್ತು ಮಿಲಿಮೀಟರ್, ಇನ್ನೊಂದರಲ್ಲಿ ಅರವತ್ತಮೂರು ಕಡಿಮೆ.

"ಅರವತ್ತಮೂರು ಖರೇದು" ಎಂದರು. "ಇಪ್ಪತ್ತೆರಡು ವರ್ಷ ಆತು. ನನ್ನ ಕೈ ಸರಿ ಇಲ್ಲ ಅಂತ ತಿಳ್ಕೊಂಡೆ. ಎಲ್ಲಾರಿಗೂ ಕೂಡ್ತೈತಿ, ನನಗೊಬ್ಬಾಕಿಗೆ ಕೂಡಂಗಿಲ್ಲ ಅಂತ. ದೋಷದ ಪಾಠ ನಾನ ಯಾಕ ಆರಿಸ್ಕೊಂಡೆ ಅಂದ್ರ ಇದಕ್ಕ. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಹುಡುಕ್ತೀನಿ."

ವಾಮನರಾಯರು ಜಗಲಿಯಲ್ಲಿ ಆಡಿದ ಮಾತನ್ನು ನಾನು ಹೆಸರು ಹೇಳದೆ ಹೇಳಿದೆ. ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. ಆಮೇಲೆ ಇಬ್ಬರೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಕೂತೆವು. ಸಂಜೆ ಐದರ ಗಂಟೆ ಹೊಡೆಯುವ ಹೊತ್ತಿಗೆ ನನಗೆ ಒಂದು ವಿಷಯ ಕಂಡಿತು. ದಿನದ ಕೆಲಸ ನಿಲ್ಲಿಸಿದ ಕಲ್ಲಿನಿಂದಲೇ ಮರುದಿನ ಶುರು ಮಾಡುತ್ತಿದ್ದೆ. ಶುರು ಮಾಡುವ ಮೊದಲು ಹಿಂದಿನ ದಿನದ ಕೊನೆಯ ಐವತ್ತು ಮೀಟರ್ ಮತ್ತೆ ಅಳೆದು ನೋಡುವುದು ನನ್ನ ಅಭ್ಯಾಸ. ಎರಡು ಓಣಿ ಸೇರುವ ಕಡೆ ನಿಲ್ಲಿಸಿದ ದಿನಗಳಲ್ಲೆಲ್ಲ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಎರಡು ಮೂರು ಮಿಲಿಮೀಟರ್ ಬದಲಾಗಿತ್ತು. ಓಣಿಯ ನಡುವೆ ನಿಲ್ಲಿಸಿದ ದಿನ ಏನೂ ಬದಲಾಗಿರಲಿಲ್ಲ. ಮೇಡಂ ಪುಸ್ತಕದಲ್ಲೂ ಹಾಗೇ.

"ಮಾಘದಾಗೂ ನೆಲ ಮಲಗಂಗಿಲ್ಲ, ಮೇಡಂ" ಎಂದೆ. "ಮೆಲ್ಲಕ ಏಳ್ತೈತಿ. ನಾವು ಎಂಟು ದಿನ ಸುತ್ತಿ ಬರೂದ್ರಾಗ ಅದು ಬ್ಯಾರೆ ನೆಲ ಆಗಿರ್ತೈತಿ. ನಿಮ್ಮ ಕೈ ಸರಿ ಐತಿ."

"ಬಾಯಿಲೆ ಹೇಳಿದ್ರ ಆಗಂಗಿಲ್ಲ. ತೋರಿಸ್ಬೇಕು. ಹದಿನಾರು ಕಿಲೋಮೀಟರ್ ಒಂದ ತಾಸಿನಾಗ ಅಳೀಬೇಕಾಕ್ಕೈತಿ. ಊರಾಗ ಇರೂದು ಆರು ಲೆವೆಲ್."

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಮನೆಯ ಮೊಳೆಯಲ್ಲಿ. ಬಡಿಗರ, ಗೋಡೆ ಕಟ್ಟುವ ಗೌಂಡಿಗಳ ಮನೆಯಲ್ಲೆಲ್ಲ ಉದ್ದನೆಯ ಪಾರದರ್ಶಕ ಪೈಪು ತೂಗುಹಾಕಿರುತ್ತದೆ. ಅದರಲ್ಲಿ ನೀರು ತುಂಬಿ ಎರಡು ತುದಿಯನ್ನೂ ಎತ್ತಿ ಹಿಡಿದರೆ, ನಡುವೆ ಎಷ್ಟೇ ತಗ್ಗು ದಿನ್ನೆ ಇರಲಿ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಬೀದಿ ಏಳುವ ಊರಿನಲ್ಲಿ ಅದಿಲ್ಲದೆ ಒಂದು ಕಿಟಕಿಯೂ ಕೂರುವುದಿಲ್ಲ. ಐವತ್ತು ಮೀಟರಿನ ಪೈಪಾದರೆ ಸುತ್ತಿಗೆ ಮುನ್ನೂರ ಇಪ್ಪತ್ತು ಅಳತೆ. ಇಬ್ಬಿಬ್ಬರ ಎಂಬತ್ತು ಜೋಡಿ, ಜೋಡಿಗೆ ನಾಲ್ಕು ಅಳತೆ. ಮಾನಪ್ಪ ಲೆಕ್ಕ ಕೇಳಿ, "ಬಡಿಗೇರು ನಲವತ್ತು ಮಂದಿ ನಾ ತರ್ತೀನಿ. ಗೌಂಡಿಗಳಿಗೆ ದುರಗವ್ವನ್ನ ಕೇಳು" ಎಂದ.

ದುರಗವ್ವ ನಮ್ಮೂರಿನ ಗೌಂಡಿಗಳ ಮುಖಂಡೆ. ಕೋಟೆ ಬೀದಿಯಲ್ಲಿ ಗೋಡೆಯ ಮೇಲೆ ಕೂತು ಕರಣಿ ಆಡಿಸುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ನಾವು ಅಳದದ್ದನ್ನ ಕಾಲೇಜಿನೋರು ನಂಬ್ತಾರೇನು?"

"ಯಾರು ಯಾವ ಜಾಗ ಅಳದ್ರು ಅಂತ ಪ್ರಬಂಧದಾಗ ಹೆಸರು ಬರೀತೀನಿ. ನೂರಾ ಅರವತ್ತೂ ಹೆಸರು."

"ತಪ್ಪಿದ್ರ?"

"ತಪ್ಪಿದ್ರ ಲೆಕ್ಕ ನಂದು, ನನ್ನ ತಪ್ಪು."

ಅವಳು ಕರಣಿಯ ಗಾರೆಯನ್ನು ಬುಟ್ಟಿಯ ಅಂಚಿಗೆ ಒರೆಸಿದಳು. "ಹೆಸರು ಪೂರ್ತಿ ಬರೀಬೇಕ. ಅಡ್ಡಹೆಸರು ಸೈತ" ಎಂದಳು.

ಎರಡು ವಾರ ಕಾಲೇಜಿನ ಅಂಗಳದಲ್ಲಿ ಅವರಿಗೆಲ್ಲ ಅಭ್ಯಾಸ ಮಾಡಿಸಿದೆವು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳಾಗುತ್ತದೆ; ಗುಳ್ಳೆ ಹೊರಡಿಸುವುದನ್ನು ನಾನು ಕಲಿಸಬೇಕಾಗಲಿಲ್ಲ, ಅವರೇ ನನಗೆ ಕಲಿಸಿದರು. ನೀರು ಕಾಣಲೆಂದು ಬಟ್ಟೆಯ ನೀಲಿ ಬೆರೆಸಿದೆವು. ಮಿಲಿಮೀಟರ್ ಓದುವುದು ಮಾತ್ರ ಹೊಸದು. ಬೆರಳು, ಗೇಣು, ಸೂತಿನಲ್ಲಿ ಜೀವನ ತೆಗೆದವರು ಸ್ಕೇಲಿನ ಸಣ್ಣ ಗೆರೆಗಳ ಮೇಲೆ ಉಗುರು ಇಟ್ಟು ಎಣಿಸಿದರು. ಕನ್ನಡಕ ಇಲ್ಲದವರಿಗೆ ಮೇಡಂ ತಮ್ಮ ಭೂತಗನ್ನಡಿ ಕೊಟ್ಟರು. ವಾಮನರಾಯರು ಒಂದು ದಿನ ಗೇಟಿನ ಹೊರಗೆ ನಿಂತು ನೋಡಿ ಹೋದರು.

ಫಾಲ್ಗುಣದ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಕಾಲೇಜಿನ ಗಂಟೆ ಬಾರಿಸಿದೆವು. ಬಿಸಿಲು ಏರಿ ನೀರು ಕಾಯುವ ಮೊದಲೇ ಮುಗಿಯಬೇಕಿತ್ತು. ನಾನು ಸೈಕಲ್ ಮೇಲೆ ಸುತ್ತಿನ ಉದ್ದಕ್ಕೂ ಹೋದೆ. ಆ ಒಂದು ತಾಸು ನಾನು ಕಂಡದ್ದನ್ನು ಹೇಳಲು ನನಗೆ ಬರುವುದಿಲ್ಲ. ಒಂದು ಓಣಿಯಿಂದ ಇನ್ನೊಂದು ಓಣಿಗೆ, ಗುಡ್ಡದ ಕೆಳಗಿನ ಗದ್ದಿಗೆಯಿಂದ ಸಂತೆಯ ಬಯಲಿಗೆ, ನೀಲಿ ನೀರಿನ ಗೆರೆ ತುಂಡುತುಂಡಾಗಿ ಊರನ್ನು ಪೂರ್ತಿ ಬಳಸಿತ್ತು. ಜನ ತುದಿಗಳನ್ನು ಎದೆಯ ಮಟ್ಟಕ್ಕೆ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರು. ನೋಡಲು ಬಂದವರು ನೆಲ ನಡುಗೀತೆಂದು ಹೆಜ್ಜೆ ಸಪ್ಪಳ ಮಾಡದೆ ಗೋಡೆ ಹಿಡಿದು ಸಾಗುತ್ತಿದ್ದರು.

ಏಳೂವರೆಗೆ ಎಂಬತ್ತು ಚೀಟಿಗಳೂ ಬಂದವು. ಕಾಲೇಜಿನ ಮೆಟ್ಟಿಲ ಮೇಲೆ ಕೂತು, ಎಲ್ಲರ ಎದುರಿಗೇ ಕೂಡಿದೆ. ಮೇಡಂ ಬೇರೆ ಕೂಡಿದರು. ಇಬ್ಬರ ಹಾಳೆಯ ಕೊನೆಯಲ್ಲೂ ಒಂದೇ ಅಂಕೆ ಬಂತು.

"ಹನ್ನೊಂದು" ಎಂದೆ.

ದುರಗವ್ವ ಮುಂದೆ ಬಂದು, "ಹನ್ನೊಂದಂದ್ರ ಪಾಸೋ ನಪಾಸೋ?" ಎಂದಳು.

"ಪಾಸ್" ಎಂದರು ಮೇಡಂ.

ಮುಂದಿನ ಭಾನುವಾರ ಮತ್ತೆ ಅಳೆದೆವು. ಸುತ್ತು ಎಂಟಕ್ಕೆ ಕೂಡಿತು. ಆದರೆ ಏಳು ದಿನದಲ್ಲಿ ಕೋಟೆ ಬೀದಿ ಹದಿನೆಂಟು ಮಿಲಿಮೀಟರ್ ಎದ್ದಿತ್ತು, ಸಂತೆಯ ಬಯಲು ಹದಿಮೂರು ಇಳಿದಿತ್ತು. ಯಾರ ಕಣ್ಣಿಗೂ ಕಾಣದಷ್ಟು, ಯಾವ ಮೆಟ್ಟಿಲೂ ಬೇಕಾಗದಷ್ಟು. ನನಗೆ ಬೇಕಾದದ್ದು ಅದೇ.

ಬಾಯಿಪರೀಕ್ಷೆಗೆ ಮೂವರು ಕೂತಿದ್ದರು. ಮೇಡಂ, ಸರ್ವೇ ಕಚೇರಿಯ ಪರವಾಗಿ ವಾಮನರಾಯರು, ಮತ್ತು ನೆಲ ಕದಲದ ಊರಿನಿಂದ ಬಂದ ಪುಂಡಲೀಕ ಶೇಟ್ ಎಂಬ ಪ್ರೊಫೆಸರು. ಶೇಟರು ಪ್ರಬಂಧವನ್ನು ಸಾಲು ಸಾಲು ಓದಿಕೊಂಡು ಬಂದಿದ್ದರು. ಎರಡು ತಾಸು ಕೇಳಿದರು. ಗುಳ್ಳೆಯ ಬಗ್ಗೆ, ಬಿಸಿಯ ಬಗ್ಗೆ, ಒಂದೊಂದು ಅಳತೆಗೆ ಎಷ್ಟು ತೂಕ ಕೊಟ್ಟೆ ಎಂಬುದರ ಬಗ್ಗೆ. ಎಲ್ಲದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವರು ಏಳನೆಯ ನಿಯಮದ ಪ್ರತಿಯನ್ನು ಮುಂದಿಟ್ಟರು.

"ತನ್ನ ಕೈಯಿಂದಲೇ ಅಳೆದು ಅಂತ ಇದೆ. ಇದರಲ್ಲಿ ನಿಮ್ಮ ಕೈ ಎಲ್ಲಿದೆ? ನೂರ ಅರವತ್ತು ಜನರ ಹೆಸರು ಹಾಕಿದ್ದೀರಿ. ನಿಮ್ಮದೇ ಇಲ್ಲ."

"ನನ್ನ ಕೈಲೆ ಮೂರು ಸಲ ಅಳದೀನ್ರಿ. ಎಪ್ಪತ್ತನಾಕು, ಎಂಬತ್ತಮೂರು, ತೊಂಬತ್ತೊಂದು. ಎರಡನೇ ಅಧ್ಯಾಯದಾಗ ಐತಿ. ಒಂದೂ ಅಳಸಿಲ್ಲ. ಒಬ್ಬರ ಕೈಲೆ ಈ ಊರು ಕೂಡಂಗಿಲ್ಲರಿ. ಯಾರ ಕೈ ಆದ್ರೂ ಅಷ್ಟ."

"ಇಪ್ಪತ್ತೇಳು ಜನ ಕೂಡಿಸಿದ್ದಾರಲ್ಲ."

ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ. ಮೇಡಂ ಕುರ್ಚಿಯಿಂದ ಎದ್ದು ನಿಂತರು, ಅಭ್ಯರ್ಥಿ ನಿಲ್ಲುವ ಹಾಗೆ.

"ನಾನು ಕೂಡಿಸಿಲ್ಲ" ಎಂದರು. "ನಂದು ಅರವತ್ತಮೂರು ಕಡಿಮಿ ಬಂದಿತ್ತು. ತಿದ್ದಿದೆ." ನೀಲಿ ರಟ್ಟಿನ ಪುಸ್ತಕವನ್ನು ಶೇಟರ ಮುಂದೆ ಇಟ್ಟರು. ವಾಮನರಾಯರು ತಲೆ ತಗ್ಗಿಸಿದವರು ಎತ್ತಲಿಲ್ಲ.

ನನ್ನನ್ನು ಹೊರಗೆ ಕಳಿಸಿದರು. ಮಾನಪ್ಪ ಬೆಂಚಿನ ಮೇಲೆ ಕೂತಿದ್ದ. ಏನಾಯಿತೆಂದು ಹೇಳಿದೆ. ಅವನು ಮೇಡಂ ಬಗ್ಗೆ ಮಾತ್ರ, "ಗಟ್ಟಿ ಹೆಣ್ಣುಮಗಳು" ಎಂದ. ಮುಕ್ಕಾಲು ತಾಸಿನ ಮೇಲೆ ಒಳಗೆ ಕರೆದರು. ಶೇಟರು ನನ್ನನ್ನು ಕೂರಲು ಹೇಳಿದರು.

"ಈ ನಿಯಮದ ಪ್ರಕಾರ ನಿಮಗೆ ಪದವಿ ಕೊಡಲಿಕ್ಕೆ ಬರುವುದಿಲ್ಲ" ಎಂದರು. "ಆದರೆ ಈ ನಿಯಮವನ್ನು ಈ ಊರಿನಲ್ಲಿ ಪ್ರಾಮಾಣಿಕವಾಗಿ ಪಾಲಿಸಲಿಕ್ಕೇ ಬರುವುದಿಲ್ಲ ಎಂದು ನಿಮ್ಮ ಪ್ರಬಂಧ ತೋರಿಸಿದೆ. ನಾನು ಇಪ್ಪತ್ತು ವರ್ಷದಲ್ಲಿ ನೋಡಿದ ಪ್ರಬಂಧಗಳಲ್ಲಿ ಇಂಥದ್ದು ಎರಡು ಇರಬಹುದು. ನಿಯಮ ಬದಲಿಸಿ ಎಂದು ಕಾಲೇಜಿನ ಮಂಡಳಿಗೆ ಬರೆಯುತ್ತೇವೆ. ಮೂವರೂ ಸಹಿ ಹಾಕಿದ್ದೇವೆ."

ಮೂವರೂ. ನಾನು ವಾಮನರಾಯರ ಕಡೆ ನೋಡಿದೆ. ಅವರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

ಮಂಡಳಿ ಕೂಡಲು ನಲವತ್ತು ದಿನ ಹಿಡಿಯಿತು. ಗಡುವು ಮುಗಿಯಲು ನಾಲ್ಕು ದಿನ ಇರುವಾಗ ರೇವಣಸಿದ್ದಪ್ಪ ಬಿಳಿ ಬಣ್ಣದ ಡಬ್ಬಿ ಹಿಡಿದು ಹಲಗೆಯ ಮುಂದೆ ನಿಂತಿದ್ದ. ಏಳನೆಯ ಸಾಲಿನಲ್ಲಿ 'ತನ್ನ ಕೈಯಿಂದಲೇ' ಹೋಗಿ 'ಊರವರೊಡನೆ, ಒಂದೇ ತಾಸಿನಲ್ಲಿ' ಎಂದು ಬಂತು. ಅಳೆದವರೆಲ್ಲರ ಹೆಸರು ಬರೆಯತಕ್ಕದ್ದು ಎಂದೂ ಸೇರಿತು. ಮೇಡಂ ತಮ್ಮ ಪದವಿಯನ್ನು ಹಿಂದಿರುಗಿಸುವುದಾಗಿ ಪತ್ರ ಕೊಟ್ಟಿದ್ದರು. ಮಂಡಳಿ ಅದನ್ನು ಒಪ್ಪಲಿಲ್ಲ. ನಿಮ್ಮ ನಿಜವಾದ ಅಂಕೆಯನ್ನು ದಾಖಲೆಗೆ ಬರೆದುಕೊಡಿ, ಹಾಗೆಯೇ ಉಳಿದವರೂ ಕೊಡುವುದಾದರೆ ಕೊಡಲಿ, ಯಾರ ಪದವಿಗೂ ಬಾಧೆಯಿಲ್ಲ ಎಂದು ಉತ್ತರಿಸಿತು. ಘಟಿಕೋತ್ಸವದ ದಿನ ನನ್ನ ಹೆಸರು ಕರೆದಾಗ ಹಿಂದಿನ ಸಾಲುಗಳಲ್ಲಿ ಗಾರೆಯ ಕೈಗಳು, ಉಳಿ ಹಿಡಿದ ಕೈಗಳು ಬಡಿದ ಚಪ್ಪಾಳೆ ಎಷ್ಟು ಹೊತ್ತು ನಿಲ್ಲಲಿಲ್ಲವೆಂದರೆ ಪ್ರಾಂಶುಪಾಲರು ಮುಂದಿನ ಹೆಸರನ್ನು ಮೂರು ಸಲ ಕೂಗಬೇಕಾಯಿತು. ದುರಗವ್ವ ಪ್ರಬಂಧದ ಪ್ರತಿಯಲ್ಲಿ ತನ್ನ ಹೆಸರಿದ್ದ ಪುಟ ತೆಗೆದು ಪಕ್ಕದವರಿಗೆ ತೋರಿಸುತ್ತಿದ್ದಳು.

ಆಷಾಢದಲ್ಲಿ ನಾನು ಕಚೇರಿಯಲ್ಲಿ ಸಹಾಯಕ ಸರ್ವೇಯರ್ ಆದೆ; ಆ ಅಂಕೆಗಳ ದಾಖಲೆಯೂ ನನ್ನ ಮೇಜಿಗೇ ಬಂತು. ಮೊದಲ ವಾರದಿಂದಲೇ ಹಳೆಯ ಪದವೀಧರರು ಬರತೊಡಗಿದರು. ಯಾರೂ ಜೊತೆಯಾಗಿ ಬರಲಿಲ್ಲ. ಒಬ್ಬರು ಬೆಳಿಗ್ಗೆ, ಒಬ್ಬರು ಊಟದ ಹೊತ್ತಿಗೆ, ಒಬ್ಬರು ಪಕ್ಕದ ಜಿಲ್ಲೆಯಿಂದ ಬಸ್ಸಿನಲ್ಲಿ. ಎಲ್ಲರದೂ ಒಂದೇ ಮಾತು: ನಂದೊಂದ ಕೂಡಿಲ್ಲ ಅಂತ ತಿಳ್ಕೊಂಡಿದ್ದೆ. ಕೆಲವರ ಬಳಿ ಹಳೆಯ ಹಾಳೆ ಇತ್ತು, ಕೆಲವರ ಬಳಿ ಅಂಕೆ ಮಾತ್ರ. ಯಾರೂ ಮರೆತಿರಲಿಲ್ಲ. ಆ ಅಂಕೆಗಳನ್ನು ವರ್ಷದ ಕ್ರಮದಲ್ಲಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಹಾಕುತ್ತ ಹೋದೆ. ಹದಿನೇಳು ಚುಕ್ಕೆ ಆಗುವ ಹೊತ್ತಿಗೆ ಒಂದು ಆಕಾರ ಕಂಡಿತು: ಹದಿನಾರು ವರ್ಷ ಇಳಿದು, ಹದಿನಾರು ವರ್ಷ ಏರುವ ನಿಧಾನವಾದ ಅಲೆ. ನಮ್ಮೂರಿನ ನೆಲ ಬೇಸಿಗೆಯಲ್ಲಿ ಏನು ಮಾಡುತ್ತದೆಂದು ಅಷ್ಟು ವರ್ಷ ಅಳೆದವರು ಅವರೇ. ಅಳೆದು, ನಾಚಿ, ಮುಚ್ಚಿಟ್ಟಿದ್ದರು.

ವಾಮನರಾಯರು ಬಂದದ್ದು ನಿವೃತ್ತಿಯ ದಿನ. ಹಾರ, ಭಾಷಣ ಮುಗಿದು ಜನ ಜಗಲಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಅವರು ನನ್ನ ಮೇಜಿನ ಮುಂದೆ ನಿಂತು, "ಹಾಳಿ ಹರದು ಒಗದೀನಿ. ಬಾಯಿಲೆ ಹೇಳಿದ್ರ ನಡೀತದೇನು?" ಎಂದರು.

"ನಡೀತೈತ್ರಿ."

"ಬರಕೋ. ಎಪ್ಪತ್ತಾರು. ಹೆಚ್ಚಿಗಿ." ಅಷ್ಟು ಹೇಳಿ ಅವರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. "ಮೂವತ್ತೊಂದು ವರ್ಷ ಆತು."

ನಾನು ಆ ವರ್ಷದ ಗೆರೆಯ ಮೇಲೆ ಎಪ್ಪತ್ತಾರನ್ನು ಹುಡುಕಿ ಚುಕ್ಕೆ ಹಾಕಿದೆ. ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅಲೆಯ ಗೆರೆ ಆ ಚುಕ್ಕೆಯ ಮೇಲೇ ಹಾದುಹೋಗಿತ್ತು.

"ನಿಮ್ಮ ಕೈ ಸರಿ ಇತ್ತು ಸರ್" ಎಂದೆ.

ಅವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಬೆರಳಿಟ್ಟು ಗೆರೆಯನ್ನು ಹಿಂದಿನಿಂದ ಸವರಿಕೊಂಡು ಬಂದು ಚುಕ್ಕೆಯ ಮೇಲೆ ನಿಲ್ಲಿಸಿದರು, ಮತ್ತೆ ಸವರಿದರು. ಆಮೇಲೆ ಕೊರಳಿನ ಹಾರವನ್ನು ನೆಟ್ಟಗೆ ಮಾಡಿಕೊಂಡು ಜಗಲಿಗೆ ಹೋದರು. ಕಿಟಕಿಯಿಂದ ಅವರ ದನಿ ಕೇಳಿಸಿತು. ಉಪ್ಪಿಟ್ಟಿನ ತಟ್ಟೆ ಹಿಡಿದವರೆಲ್ಲರಿಗೂ, ಮೊಮ್ಮಗಳು ಶಾಲೆಗೇ ಮೊದಲು ಬಂದ ಸುದ್ದಿ ಹೇಳುವ ಅಜ್ಜನಂತೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದರು: "ನಂದು ಎಪ್ಪತ್ತಾರು ಮಿಲಿಮೀಟರ್ ತಪ್ಪಿತ್ತು ನೋಡ್ರಿ. ಬರೋಬ್ಬರಿ ಎಪ್ಪತ್ತಾರು."